ಅತಿಥಿ ಪಾಲು

ನಮ್ಮ ಲ್ಯೋಸಾವೀಕ್ ಊರಿನ ತಿಮಿಂಗಿಲಗಳು ಶುದ್ಧವಾಗಿವೆ ಎಂದು ಪತ್ರಿಕೆಯಲ್ಲಿ ಓದಿದಾಗ ನಾನು ನಮ್ಮ ದ್ವೀಪಗಳ ರಾಜಧಾನಿ ಟೋರ್ಸ್‌ಹಾವ್ನ್‌ನ ಪ್ರಯೋಗಾಲಯದಲ್ಲಿ ಅವೇ ತಿಮಿಂಗಿಲಗಳ ಕೊಬ್ಬನ್ನು ದ್ರಾವಕದಲ್ಲಿ ಕರಗಿಸುತ್ತಿದ್ದೆ. ಕೆಲಸ ಅರ್ಧವೂ ಆಗಿರಲಿಲ್ಲ.

ಪರೀಕ್ಷೆ ಕೇಳಿದ್ದು ಊರಿನ ಪಂಚಾಯಿತಿಯೇ. ಬೇಸಿಗೆಯ ಶುರುವಿನಲ್ಲಿ ನಮ್ಮ ಕೊಲ್ಲಿಗೆ ಒಂದು ದೊಡ್ಡ ಹಿಂಡು ಬಂದಿತ್ತು. ಊರೆಲ್ಲ ಸೇರಿ ದಡಕ್ಕೆ ಅಟ್ಟಿ, ಕೊಂದು, ಪದ್ಧತಿಯಂತೆ ಮನೆಮನೆಗೂ ಪಾಲು ಹಂಚಿದ್ದರು. ಅದರಲ್ಲಿ ವಿಷ ಎಷ್ಟಿದೆ ಎಂದು ನೋಡಿಕೊಡಿ ಎಂದು ಇಪ್ಪತ್ತು ಸೀಸೆಗಳಲ್ಲಿ ಮಾಂಸ, ಕೊಬ್ಬು ಕಳಿಸಿದ್ದರು. ನೋಡಬೇಕಾದ್ದು ಎರಡು. ಮಾಂಸದಲ್ಲಿ ಪಾದರಸ, ಕೊಬ್ಬಿನಲ್ಲಿ ಪಿಸಿಬಿ ಮತ್ತು ಅದರ ದಾಯಾದಿಗಳು, ಅಂದರೆ ಒಂದು ಕಾಲದಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ, ಬಣ್ಣಕ್ಕೆ, ಬೆಳೆಗೆ ಹೊಡೆಯುವ ಔಷಧಿಗೆಂದು ದೊಡ್ಡ ದೇಶಗಳು ತಯಾರಿಸಿದ, ಈಗ ನಿಷೇಧಿಸಿದರೂ ಕರಗದೆ ಕೊಳೆಯದೆ ಕಡಲಲ್ಲಿ ಉಳಿದುಬಿಟ್ಟಿರುವ ರಾಸಾಯನಿಕಗಳು. ಪಾದರಸದ ಲೆಕ್ಕ ಬೇಗ ಸಿಗುತ್ತದೆ. ಕೊಬ್ಬಿನದು ವಾರಗಟ್ಟಲೆ ಹಿಡಿಯುತ್ತದೆ.

ಪಾದರಸ ಬಹಳ ಕಡಿಮೆ ಬಂದಿತ್ತು. ಕಿಲೋಗೆ ಅರ್ಧ ಮಿಲಿಗ್ರಾಮನ್ನು ಒಂದು ಸೀಸೆಯೂ ದಾಟಿರಲಿಲ್ಲ. ನಮ್ಮ ಮುಖ್ಯಸ್ಥೆ ಎಲ್ಸ್ಪಾ ಅಷ್ಟನ್ನು ಪಂಚಾಯಿತಿಗೆ ತಿಳಿಸಿ, ಕೊಬ್ಬಿನ ಪರೀಕ್ಷೆ ಬಾಕಿ ಇದೆ, ಅಲ್ಲಿಯವರೆಗೆ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ಸೇರಿಸಿದ್ದಳು. ಪತ್ರಿಕೆಯಲ್ಲಿ ಮೊದಲಿನದಷ್ಟೇ ಇತ್ತು. ಕೆಳಗೆ ನಮ್ಮ ಪ್ರಯೋಗಾಲಯದ ಹೆಸರು. ಪಕ್ಕದಲ್ಲಿ ಪಂಚಾಯಿತಿ ಅಧ್ಯಕ್ಷ ಹಾನುಸ್, ಅಂದರೆ ನಮ್ಮ ಚಿಕ್ಕಪ್ಪ, ಸೊಂಟದಲ್ಲಿ ಕತ್ತಿ ಸಿಕ್ಕಿಸಿಕೊಂಡು ನಗುತ್ತಿದ್ದ ಚಿತ್ರ.

ಫೋನ್ ಮಾಡಿದೆ.

"ಚಿಕ್ಕಪ್ಪ, ಇನ್ನೊಂದು ಸಾಲು ಎಲ್ಲಿಗೆ ಹೋಯ್ತು?"

"ಯಾವ ಸಾಲು?"

"ಕೊಬ್ಬಿನದ್ದು ಬಾಕಿ ಇದೆ, ಏನೂ ಹೇಳ್ಬೇಡಿ ಅಂತ ಇತ್ತಲ್ಲ."

"ಅದು ಫಲಿತಾಂಶ ಅಲ್ಲ ಮಗಳೇ, ಉಪದೇಶ. ಫಲಿತಾಂಶ ಎಷ್ಟಿತ್ತೋ ಅಷ್ಟೂ ಕೊಟ್ಟಿದ್ದೀನಿ. ಒಂದಕ್ಷರ ಮುಟ್ಟಿಲ್ಲ."

"ಅರ್ಧ ಸತ್ಯ ಹೇಳೋದಕ್ಕೆ ಅಕ್ಷರ ಮುಟ್ಟಬೇಕಾಗಿಲ್ಲ."

"ನೋಡು ಬೈಂತಾ," ಅವನ ದನಿ ಬಿಗಿಯಾಯಿತು. "ಮೂರು ಬೇಸಿಗೆಯಿಂದ ಹೊರದೇಶದವರು ದೋಣಿ ತಂದು ಕೊಲ್ಲಿಯಲ್ಲಿ ನಿಂತು ನಮ್ಮನ್ನ ಬೈತಿದ್ದಾರೆ. ಹೋದ ವರ್ಷ ಒಬ್ಬ ಮೈಕು ಹಿಡ್ಕೊಂಡು, ನೀವು ತಿಂತಿರೋದು ವಿಷ, ನಿಮಗೆ ಹಾಗೇ ಆಗಬೇಕು ಅಂದ. ಹಾಗೇ ಆಗಬೇಕಂತೆ. ನಮ್ಮ ಹುಡುಗರು ಕೇಳಿಸ್ಕೊಂಡು ನಿಂತಿದ್ರು. ಅವನ ದೇಶದ ಕೊಳಚೆ, ನಮ್ಮ ತಟ್ಟೆ, ನಮಗೇ ಬುದ್ಧಿವಾದ. ಒಂದು ಸಲ, ಒಂದೇ ಒಂದು ಸಲ ಒಳ್ಳೇ ಸುದ್ದಿ ಬಂತು. ಅದನ್ನ ಡಂಗುರ ಹೊಡೆದೆ. ತಪ್ಪಾ?"

ಅವನ ಸಿಟ್ಟಿನಲ್ಲಿ ಸುಳ್ಳಿರಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು. ಯಾಕೆಂದರೆ ಆ ಡಂಗುರವನ್ನು ನಂಬುವವರಲ್ಲಿ ನನ್ನ ತಂಗಿ ರನ್ವಾ ಮೊದಲಿಗಳು. ಅವಳು ಐದು ತಿಂಗಳ ಬಸುರಿ.

ಮಕ್ಕಳು ಬೇಕೆನ್ನುವ ಹೆಂಗಸರು ತಿಮಿಂಗಿಲ ತಿನ್ನಬಾರದು ಎಂದು ನಮ್ಮ ವೈದ್ಯರು ಹೇಳುತ್ತ ಬಂದು ವರ್ಷಗಳಾದವು. ಪಾದರಸ ಹೊಟ್ಟೆಯಲ್ಲಿರುವ ಕೂಸಿನ ಮಿದುಳನ್ನು ತಟ್ಟುತ್ತದೆ. ಪಿಸಿಬಿ ತಾಯಿಯ ಕೊಬ್ಬಿನಲ್ಲಿ ಕೂತಿದ್ದು ಹಾಲಿನ ಜೊತೆ ಇಳಿಯುತ್ತದೆ. ರನ್ವಾ ಮದುವೆಯಾದ ದಿನದಿಂದ ಒಂದು ಚೂರು ಬಾಯಿಗಿಟ್ಟಿರಲಿಲ್ಲ. ಐದು ವರ್ಷ. ಎಲ್ಲರೂ ಒಣಮಾಂಸ, ಕೊಬ್ಬು, ಆಲೂಗಡ್ಡೆ ಹಾಕಿಕೊಂಡು ಕೂತಾಗ ಅವಳು ಬರೀ ಆಲೂಗಡ್ಡೆ ಸುಲಿಯುತ್ತಿದ್ದಳು. ಎರಡು ಬಸಿರು ನಿಲ್ಲಲಿಲ್ಲ. ಈಗ ಇದು ನಿಂತಿತ್ತು.

ಶನಿವಾರ ಮೊದಲ ಬಸ್ಸು ಹಿಡಿದು ಊರಿಗೆ ಹೋದೆ. ರನ್ವಾಳ ಗಂಡ ಟ್ರಾಲರ್ ಹತ್ತಿ ಗ್ರೀನ್‌ಲ್ಯಾಂಡ್ ಕಡೆ ಹೋಗಿದ್ದ. ಮನೆಯಲ್ಲಿ ಅವಳು, ಅವಳ ಅತ್ತೆ ಮಾಲ್ಲಾ. ಊಟಕ್ಕೆ ಕೂತಿದ್ದರು. ತಂಗಿಯ ತಟ್ಟೆಯಲ್ಲಿ ತೆಳ್ಳಗೆ ಹೆಚ್ಚಿದ ಬಿಳಿಯ ಕೊಬ್ಬಿನ ಬಿಲ್ಲೆಗಳು, ಪಕ್ಕದಲ್ಲಿ ಬೇಯಿಸಿದ ಮಾಂಸ.

"ಬಾ ಅಕ್ಕ, ಕೂತ್ಕೋ. ಐದು ವರ್ಷದ ಬಾಕಿ ತೀರಿಸ್ತಿದ್ದೀನಿ," ಅಂದಳು ರನ್ವಾ. ಅವಳ ತುಟಿಗೆ ಕೊಬ್ಬಿನ ಜಿಡ್ಡು ಹತ್ತಿತ್ತು. ಅವಳನ್ನು ಅಷ್ಟು ಸಂತೋಷದಲ್ಲಿ ನೋಡಿ ಬಹಳ ಕಾಲವಾಗಿತ್ತು.

"ತಿನ್ಬೇಡ್ವೇ," ಅಂದೆ.

ಮಾಲ್ಲಾ ಚಾಕು ಕೆಳಗಿಟ್ಟಳು. "ಬಂದ್ಲು ನೋಡು ರಾಜಧಾನಿಯಿಂದ. ಕೋಟು ಬಿಚ್ಚೋಕೆ ಮೊದಲೇ ತಟ್ಟೆ ಕಿತ್ಕೊಳ್ಳೋದು."

"ಮಾಲ್ಲಾ ಅಮ್ಮ, ಕೊಬ್ಬಿನ ಪರೀಕ್ಷೆ ಇನ್ನೂ ಮುಗಿದಿಲ್ಲ."

"ನಿನ್ನ ಲ್ಯಾಬಿನ ಹೆಸರೇ ಹಾಕಿದ್ದಾರಲ್ಲ ಪೇಪರಲ್ಲಿ. ಓದೋಕೆ ಬರುತ್ತೆ ನಮಗೂ."

"ಅದು ಪಾದರಸದ ಮಾತು. ಕೊಬ್ಬಿನದಲ್ಲ."

ರನ್ವಾ ಚಮಚ ಹಿಡಿದೇ ಇದ್ದಳು. "ಅಕ್ಕ, ಹೌದು ಅಂತ ಹೇಳು, ಇಲ್ಲ ಅಂತ ಹೇಳು. ಇದರಲ್ಲಿ ವಿಷ ಇದ್ಯಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದಕ್ಕೆ ಇಷ್ಟು ದೂರ ಬಂದ್ಯಾ?"

"ಹೌದು. ಗೊತ್ತಿಲ್ಲ ಅನ್ನೋದನ್ನ ನಿನಗೆ ಯಾರೂ ಹೇಳಿಲ್ವಲ್ಲ, ಅದಕ್ಕೆ."

ಅವಳು ತಟ್ಟೆಯನ್ನು ಮೇಜಿನ ನಡುವೆ ತಳ್ಳಿದಳು. "ಬೇಗ ಮುಗಿಸು ಹಾಗಾದ್ರೆ. ಆಸೆ ತೋರಿಸಿ ಕಿತ್ಕೊಳ್ಳೋದು ಚೆನ್ನಾಗಿರಲ್ಲ." ಎದ್ದು ಹೋಗಿ ಬಾಯಿ ತೊಳೆದುಕೊಂಡಳು. ನಾನೇನೋ ತಪ್ಪು ಮಾಡಿದವಳಂತೆ ಮಾಲ್ಲಾ ನನಗೆ ಕಾಫಿ ಕೊಟ್ಟಳು, ಸಕ್ಕರೆ ಕೊಡಲಿಲ್ಲ.

ಕೊಬ್ಬಿನ ಕೆಲಸಕ್ಕೆ ಅವಸರ ಒಗ್ಗುವುದಿಲ್ಲ. ಅರೆದು, ದ್ರಾವಕದಲ್ಲಿ ಕರಗಿಸಿ, ಆಮ್ಲ ಹಾಕಿ ಕೊಬ್ಬನ್ನೆಲ್ಲ ಸುಟ್ಟು ತೆಗೆಯಬೇಕು. ಏನು ಹಾಕಿದರೂ ಸಾಯದೆ ಉಳಿಯುವುದೇ ನಾವು ಹುಡುಕುವ ವಿಷ. ಅದನ್ನು ಕೂದಲೆಳೆಯಂಥ ಉದ್ದ ಕೊಳವೆಯಲ್ಲಿ ಹಾಯಿಸಿದರೆ ಒಂದೊಂದು ಬಗೆ ಒಂದೊಂದು ಹೊತ್ತಿಗೆ ಹೊರಬಂದು ಪರದೆಯ ಮೇಲೆ ಒಂದೊಂದು ಕೋಡು ಮೂಡಿಸುತ್ತದೆ. ಕೋಡು ಎತ್ತರವಾದಷ್ಟೂ ವಿಷ ಜಾಸ್ತಿ.

ಕೋಡುಗಳು ಪರದೆಯ ನೆತ್ತಿ ಮುಟ್ಟಿದವು. ಮೊದಲನೆಯ ಸೀಸೆ, ಎರಡನೆಯದು, ಮೂರನೆಯದು. ಎಲ್ಲವೂ. ನಾನು ಈವರೆಗೆ ನಮ್ಮ ದ್ವೀಪಗಳ ಕೊಬ್ಬಿನಲ್ಲಿ ಕಂಡಿದ್ದಕ್ಕಿಂತ ಹೆಚ್ಚು.

ಆದರೆ ಲೆಕ್ಕ ಒಂದಕ್ಕೊಂದು ಕೂಡುತ್ತಿರಲಿಲ್ಲ. ಸೀಸೆಗಳ ಮೇಲಿನ ಸಂಖ್ಯೆಗಳನ್ನು ಪಂಚಾಯಿತಿಯ ಪಟ್ಟಿಯೊಂದಿಗೆ ಹೋಲಿಸಿದರೆ ಇವು ಇಪ್ಪತ್ತು ಬೇರೆ ಬೇರೆ ದೊಡ್ಡ ತಿಮಿಂಗಿಲಗಳು, ಅರ್ಧಕ್ಕಿಂತ ಹೆಚ್ಚು ಹೆಣ್ಣು. ವಯಸ್ಸಾದ ಹಾಗೆ ಮಾಂಸದಲ್ಲಿ ಪಾದರಸ ಏರಲೇಬೇಕು, ಇಲ್ಲಿ ಏರಿರಲಿಲ್ಲ. ಮರಿ ಹಾಕಿದ ಹೆಣ್ಣಿನ ಕೊಬ್ಬಿನಲ್ಲಿ ಪಿಸಿಬಿ ಇಳಿದಿರಬೇಕು, ಹಾಲಿನಲ್ಲಿ ಮರಿಗೆ ಹೋಗಿಬಿಟ್ಟಿರುತ್ತದೆ, ಇಲ್ಲಿ ಇಳಿದಿರಲಿಲ್ಲ.

ಇಪ್ಪತ್ತರ ಕೋಡುಗಳನ್ನೂ ಮುದ್ರಿಸಿ ಮೇಜಿನ ಮೇಲೆ ಹರಡಿದೆ. ಎಲ್ಸ್ಪಾಳನ್ನು ಕರೆದೆ.

"ಏಳು ಸೀಸೆ ಒಂದೇ ಥರ," ಅಂದಳು ಅವಳು, ಹಾಳೆಗಳನ್ನು ಸರಿಸುತ್ತ. "ಒಂಬತ್ತು ಇನ್ನೊಂದು ಥರ. ಉಳಿದ ನಾಲ್ಕು ಮತ್ತೊಂದು."

"ಎರಡು ಪ್ರಾಣಿ ಇಷ್ಟು ಹೋಲೋದಿಲ್ಲ."

"ಹೋಲಲ್ಲ." ಅವಳು ಕನ್ನಡಕ ತೆಗೆದಳು. "ಇವು ಇಪ್ಪತ್ತು ತಿಮಿಂಗಿಲ ಅಲ್ಲ ಬೈಂತಾ. ಮೂರು. ಮೂರೂ ಹಾಲು ಕುಡಿಯೋ ಮರಿ."

ಸರಿಯಾಗಿತ್ತು. ಪಾದರಸ ಕೂಡಿಡುವಷ್ಟು ಬದುಕಿರಲಿಲ್ಲ, ಆದರೆ ತಾಯಿಯ ಹಾಲಿನ ವಿಷವನ್ನೆಲ್ಲ ಕುಡಿದಿದ್ದವು.

"ಬೇಕಂತಲೇ ಕಳಿಸಿದ್ದಾರೆ ಅಂತೀಯಾ?" ಎಂದು ಕೇಳಿದಳು ಎಲ್ಸ್ಪಾ. ಆ ಪ್ರಶ್ನೆ ನನ್ನ ತಲೆಯಲ್ಲೂ ಇತ್ತು. ಚಿಕ್ಕಪ್ಪನ ನಗುಮುಖದ ಚಿತ್ರ ಕಣ್ಣೆದುರು ಬಂತು.

ಮರುದಿನ ನೇರ ಮಾಲ್ಲಾಳ ಅಡುಗೆಮನೆಗೆ ಹೋದೆ. ರನ್ವಾ ಕಿಟಕಿಯ ಬಳಿ ಉಣ್ಣೆ ಹೆಣೆಯುತ್ತಿದ್ದಳು.

"ಮಾಲ್ಲಾ ಅಮ್ಮ, ಸೀಸೆಗೆ ಮಾಂಸ ತುಂಬಿದ್ದು ಯಾರು?"

"ಎಲ್ಲರೂ. ಮಂಜು ಕವಿದು ನಿಮ್ಮವರು ಯಾರೂ ಬರಲಿಲ್ಲ, ಸೀಸೆಗಳೂ ತಡವಾಗಿ ಬಂದ್ವು. ಅಷ್ಟೊತ್ತಿಗೆ ತಿಮಿಂಗಿಲ ಎಲ್ಲಾ ಕೊಯ್ದು ಹಂಚಿ ಆಗಿತ್ತು. ಹಾನುಸ್ ಮನೆಗೊಂದು ಸೀಸೆ ಕೊಟ್ಟ. ತುಂಬಿಸಿ, ಪಾಲಿನ ಚೀಟಿಯಲ್ಲಿರೋ ತಿಮಿಂಗಿಲದ ನಂಬರ್ ಬರೀರಿ ಅಂದ. ಬರೆದ್ವಿ."

"ನೀವು ಯಾವ ಮಾಂಸ ಹಾಕಿದ್ರಿ?"

"ಇದೇನು ಕೇಳ್ತೀಯ?" ಅವಳಿಗೆ ನಿಜವಾಗಿ ಆಶ್ಚರ್ಯವಾಯಿತು. "ಅತಿಥಿ ಪಾಲಿಂದ."

ಈ ಊರಿನಲ್ಲೇ ಹುಟ್ಟಿದವಳಾಗಿ ನನಗೆ ಅದು ಹೊಳೆಯಬೇಕಿತ್ತು. ಹಾಲು ಕುಡಿಯುವ ಮರಿಗೆ ನಮ್ಮಲ್ಲಿ ನಂಬರ್ ಕೆತ್ತುವುದಿಲ್ಲ, ಪಾಲಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದರ ಮಾಂಸ ಮೆದು, ಕೊಬ್ಬು ಬೆಣ್ಣೆಯಂತೆ. ಮನೆಮನೆಗೂ ಒಂದೊಂದು ತುಂಡು ಕೊಡುತ್ತಾರೆ. ಅದನ್ನು ಮನೆಯವರು ಮುಟ್ಟುವುದಿಲ್ಲ. ಬಂದ ಅತಿಥಿಗೆ, ಕಾಯಿಲೆಯವರಿಗೆ, ಬಸುರಿಗೆ.

"ರಾಜಧಾನಿಯಿಂದ ಕೇಳಿ ಕಳಿಸಿದ್ದಾರೆ, ಅದೂ ನಮ್ಮೂರ ಹುಡುಗಿ ಕೆಲಸ ಮಾಡೋ ಜಾಗ," ಅಂದಳು ಮಾಲ್ಲಾ. "ಮುದಿ ಗಂಡಿನ ಚರ್ಮದಂಥ ಮಾಂಸ ಕಳಿಸ್ತೀವಾ? ಲ್ಯೋಸಾವೀಕ್‌ನವರಿಗೆ ಮರ್ಯಾದೆ ಇಲ್ಲ ಅಂದ್ಕೊಳ್ಳಲ್ವಾ? ನಾನೊಬ್ಬಳೇ ಅಲ್ಲ, ಯಾರನ್ನ ಬೇಕಾದ್ರೂ ಕೇಳು."

ಕೇಳಿದೆ. ಇಪ್ಪತ್ತು ಮನೆಯದೂ ಒಂದೇ ಉತ್ತರ. ಒಬ್ಬ ಮುದುಕನಂತೂ, "ಯಾಕೆ, ರುಚಿಯಾಗಿರಲಿಲ್ವಾ?" ಎಂದು ಕೇಳಿದ. ಮೋಸ ಎಲ್ಲೂ ಇರಲಿಲ್ಲ. ಒಂದು ಸೀಸೆ ಕೊಟ್ಟರೆ ಅದರೊಳಗೆ ಸತ್ಕಾರ ತುಂಬುವ ಜನ. ನಮ್ಮವರೊಬ್ಬರು ಮಂಜು ಸರಿದ ಮೇಲಾದರೂ ಬಂದು ದಡದಲ್ಲಿ ನಿಂತಿದ್ದರೆ ಇದು ಆಗುತ್ತಿರಲಿಲ್ಲ. ಆದರೆ ನಾವು ಸೀಸೆ ಕಳಿಸಿದೆವು, ಚಿಕ್ಕಪ್ಪ ಸುದ್ದಿ ಕಳಿಸಿದ, ನಡುವೆ ನನ್ನ ತಂಗಿ ಊಟ ಮಾಡಿದಳು.

ಮನೆಮನೆಯಿಂದ ಈ ಸಲ ಅತ್ಯಂತ ಕೆಟ್ಟ ತುಂಡು ಕೇಳಿ ಪಡೆದೆ. ನನಗೆ ಅದನ್ನು ಕೊಡುವಾಗ ಹೆಂಗಸರು ನಾಚಿಕೊಂಡರು. ಪರೀಕ್ಷೆ ಮಾಡಿದೆವು. ದೊಡ್ಡ ತಿಮಿಂಗಿಲಗಳ ಮಾಂಸದಲ್ಲಿ ಪಾದರಸ ಕಿಲೋಗೆ ಎರಡು ಮಿಲಿಗ್ರಾಂ ದಾಟಿತ್ತು, ಮೊದಲು ಹೇಳಿದ್ದರ ನಾಲ್ಕು ಪಟ್ಟಿಗೂ ಹೆಚ್ಚು. ಪತ್ರಿಕೆಯ ಸುದ್ದಿ ಎರಡೂ ಕಡೆಯಿಂದ ಸುಳ್ಳಾಗಿತ್ತು. ದೊಡ್ಡದು ತಿಂದರೆ ಪಾದರಸ. ಮರಿ ತಿಂದರೆ ಪಿಸಿಬಿ.

ಚಿಕ್ಕಪ್ಪ ದೋಣಿ ಇಡುವ ಕೊಟ್ಟಿಗೆಯಲ್ಲಿ ಹಗ್ಗ ಸುತ್ತುತ್ತಿದ್ದ. ಎಲ್ಲ ಹೇಳಿದೆ. ಅವನು ಹಗ್ಗ ಬಿಡಲಿಲ್ಲ.

"ಓಲಾವ್ ಹಬ್ಬ ಮುಗೀಲಿ," ಅಂದ. "ಊರು ತುಂಬಾ ನೆಂಟರು ಬರ್ತಾರೆ. ಆಮೇಲೆ ಹೇಳೋಣ."

"ಹಬ್ಬದಲ್ಲಿ ನೆಂಟರಿಗೆ ಏನು ಬಡಿಸ್ತಾರೆ ಚಿಕ್ಕಪ್ಪ? ಅತಿಥಿ ಪಾಲು ತಾನೇ?"

"ವರ್ಷಕ್ಕೊಂದು ತುಂಡು ತಿಂದ್ರೆ ಯಾರೂ ಸಾಯಲ್ಲ."

"ಸಾಯೋದಿಲ್ಲ. ಸಾಯೋ ವಿಷ ಆಗಿದ್ರೆ ಯಾವಾಗಲೋ ಜನ ಎದ್ದು ನಿಲ್ತಿದ್ರು. ಇದು ಹುಟ್ಟೋ ಮಗುವಿಗೆ ಒಂದು ಮಾತು ತಡವಾಗಿ ಬರೋ ಹಾಗೆ ಮಾಡುತ್ತೆ, ಲೆಕ್ಕದಲ್ಲಿ ಒಂದು ಹೆಜ್ಜೆ ಹಿಂದೆ ಇರೋ ಹಾಗೆ ಮಾಡುತ್ತೆ. ಇದರಿಂದಲೇ ಅಂತ ಯಾರೂ ಬೆರಳು ತೋರಿಸೋಕೆ ಆಗಲ್ಲ. ಅದಕ್ಕೇ ಎಲ್ಲರೂ ಆರಾಮಾಗಿದ್ದಾರೆ. ನೀನೂ."

ಅವನು ಹಗ್ಗ ನೆಲಕ್ಕೆ ಹಾಕಿದ. "ನನ್ನ ಮೇಲೆ ಯಾಕೆ ಕೂಗ್ತೀಯ? ಇದನ್ನ ಮಾಡಿದವರ ಮೇಲೆ ಒಂದು ಸಲ ಕೂಗು. ಈ ಹದಿನೆಂಟು ದ್ವೀಪದಲ್ಲಿ ಪಿಸಿಬಿ ಮಾಡೋ ಒಂದು ಕಾರ್ಖಾನೆ ತೋರ್ಸು ನೋಡೋಣ. ಮಾಡಿದವರು ದುಡ್ಡು ಮಾಡ್ಕೊಂಡ್ರು, ಬಾಗಿಲು ಹಾಕಿದ್ರು, ಹೆಸರು ಬದಲಾಯಿಸ್ಕೊಂಡ್ರು. ಅವರ ಹೆಂಡತೀರಿಗೆ ಯಾವ ಡಾಕ್ಟರಾದ್ರೂ ಅದು ತಿನ್ಬೇಡ, ಇದು ತಿನ್ಬೇಡ ಅಂದಿದ್ದಾನಾ? ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ."

"ಅದೇ ಮಾತು ನಾಳೆ ಊರ ಸಭೆಯಲ್ಲಿ ಹೇಳು. ಆದ್ರೆ ಜೊತೆಗೆ ಇದನ್ನೂ ಹೇಳು."

"ಹೇಳಲ್ಲ."

"ಹಾಗಾದ್ರೆ ನಾನು ಹೇಳ್ತೀನಿ."

"ಹೇಳು. ಕೇಳೋರು ಯಾರು? ಊರು ಬಿಟ್ಟವಳ ಮಾತು."

ಸಭೆ ಶಾಲೆಯ ಕೋಣೆಯಲ್ಲಿ ನಡೆಯಿತು. ಮಕ್ಕಳ ಬೆಂಚಿನಲ್ಲಿ ಮೀನುಗಾರರು ಮೊಣಕಾಲು ಮಡಚಿ ಕೂತಿದ್ದರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಮೂರು ಮರಿಗಳ ಮಾತು ಬಂದಾಗ ಕೆಲವರು ನಕ್ಕರು. "ಒಳ್ಳೇದು ಕಳಿಸಿದ್ದೇ ತಪ್ಪಾಯ್ತು ನೋಡು," ಅಂದ ಒಬ್ಬ. ಅಂಕಿ ಹೇಳಿದಾಗ ನಗು ನಿಂತಿತು. ಆದರೆ ನಂಬಿದರು ಎನ್ನುವಂತಿರಲಿಲ್ಲ. "ಒಂದು ತಿಂಗಳು ಶುದ್ಧ ಅಂತೀರಿ, ಮುಂದಿನ ತಿಂಗಳು ವಿಷ ಅಂತೀರಿ. ನಿಮ್ಮ ಯಂತ್ರಕ್ಕೆ ಮುಟ್ಟು ನಿಂತಿದೆಯೋ ಏನೋ," ಎಂದಳು ಹಿಂದಿನ ಬೆಂಚಿನ ಮುದುಕಿ. ಚಿಕ್ಕಪ್ಪ ಕೂತು ಟೋಪಿ ತಿರುಗಿಸುತ್ತಿದ್ದ.

ಆಗ ರನ್ವಾ ಎದ್ದಳು. ಅವಳು ಬಂದದ್ದನ್ನೇ ನಾನು ನೋಡಿರಲಿಲ್ಲ. ಬಾಗಿಲ ಬಳಿಯಿಂದ ನಿಧಾನವಾಗಿ ನಡೆದು ಚಿಕ್ಕಪ್ಪನ ಎದುರು ನಿಂತಳು.

"ಚಿಕ್ಕಪ್ಪ, ಪೇಪರ್ ನೋಡಿ ತಿಂದೆ. ಪೇಪರ್ ಮೇಲೆ ನನಗೆ ಜಗಳ ಇಲ್ಲ, ಅದು ನನ್ನ ಬಸಿರು ನೋಡಿಲ್ಲ. ನೀನು ನೋಡಿದ್ದೀಯ. ಮೊದಲೆರಡು ಹೋದಾಗ ನನ್ನನ್ನ ಆಸ್ಪತ್ರೆಗೆ ಕರ್ಕೊಂಡು ಹೋದವನು ನೀನು. ಈಗ ಎಲ್ಲರ ಎದುರು ನನ್ನ ಮುಖ ನೋಡಿ ಹೇಳು. ತಿನ್ನಲಾ, ಬೇಡ್ವಾ?"

ಚಿಕ್ಕಪ್ಪ ಟೋಪಿ ತಿರುಗಿಸುವುದನ್ನು ನಿಲ್ಲಿಸಿದ.

"ಬೇಡ," ಅಂದ.

"ಜೋರಾಗಿ ಹೇಳು."

"ಬೇಡ ಮಗಳೇ. ತಿನ್ಬೇಡ. ನೀನೂ ಬೇಡ, ಇಲ್ಲಿರೋ ಹುಡುಗೀರು ಯಾರೂ ಬೇಡ."

ಎದ್ದು ಅಷ್ಟು ಹೇಳಿ ಅವನು ಕೂರಲಿಲ್ಲ, ನನ್ನ ಕಡೆ ತಿರುಗಿದ. "ಪೇಪರಿಗೆ ಬರಿ. ನಾನು ಸಹಿ ಹಾಕ್ತೀನಿ. ಆದ್ರೆ ಮೊದಲ ಸಾಲು ನನ್ನದು."

ಮೊದಲ ಸಾಲು ಹೀಗಿತ್ತು: ಈ ವಿಷವನ್ನು ನಾವು ಮಾಡಿಲ್ಲ, ನಾವು ಮಾರಿಲ್ಲ, ನಮ್ಮನ್ನು ಕೇಳಿ ಯಾರೂ ಕಡಲಿಗೆ ಬಿಟ್ಟಿಲ್ಲ. ಅದಕ್ಕೆ ನಮ್ಮ ಪ್ರಯೋಗಾಲಯದ ಹೆಸರು ಹಾಕಲು ಎಲ್ಸ್ಪಾ ಫೋನಿನಲ್ಲಿ ಒಪ್ಪಲಿಲ್ಲ. ಎಷ್ಟಿದೆ ಎನ್ನುವುದು ನಮ್ಮ ಕೆಲಸ, ಯಾರದು ಎನ್ನುವುದು ಅಲ್ಲ ಅಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇನ್ನೂರಕ್ಕೂ ಹೆಚ್ಚು ಬಗೆಯ ಪಿಸಿಬಿಗಳಿವೆ, ಒಂದೊಂದನ್ನೂ ಹೆಸರು ಹಿಡಿದು ಗುರುತಿಸಬಲ್ಲೆ; ಯಾವುದರ ಮೇಲೂ ಒಡೆಯನ ಹೆಸರಿರುವುದಿಲ್ಲ. ನಾನು ಪ್ರಯೋಗಾಲಯದ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಹಬ್ಬಕ್ಕೆ ಮುಂಚೆ ಅದು ಅಚ್ಚಾಯಿತು. ಎರಡನೆಯ ಸಾಲಿನಿಂದ ಅಂಕಿಗಳು, ಒಂದೂ ಬಿಡದೆ.

ಸಭೆಯಿಂದ ಮನೆಗೆ ನಡೆಯುವಾಗ ರನ್ವಾ ಕೇಳಿದಳು, "ಆಗಲೇ ತಿಂದದ್ದು?"

"ಪಾದರಸ ಕೆಲವು ತಿಂಗಳಲ್ಲಿ ಇಳಿಯುತ್ತೆ. ಮರಿ ಮಾಂಸದಲ್ಲಿ ಅದು ಕಡಿಮೆ ಇತ್ತು, ಅಷ್ಟು ಸಮಾಧಾನ."

"ಇನ್ನೊಂದು?"

"ಅದು ವರ್ಷಗಟ್ಟಲೆ ಇರುತ್ತೆ. ಕೆಲವು ದಿನದ ಊಟದಿಂದ ಸೇರಿದ್ದು ಸ್ವಲ್ಪ. ನಾವು ಚಿಕ್ಕವರಿದ್ದಾಗಿಂದ ತಿಂದದ್ದು ಹೇಗೂ ಇದೆ. ಹಾಲಲ್ಲಿ ಒಂದಿಷ್ಟು ಹೋಗುತ್ತೆ. ಆದ್ರೂ ಹಾಲು ಕೊಡು ಅಂತಲೇ ಡಾಕ್ಟರು ಹೇಳೋದು. ನಾನೂ ಅದನ್ನೇ ಹೇಳ್ತೀನಿ."

"ಅಂದ್ರೆ ಆ ಮರಿಗಳ ಹಾಗೆ," ಅಂದಳು.

"ಹೌದು," ಅಂದೆ. ಸ್ವಲ್ಪ ದೂರ ನಡೆದ ಮೇಲೆ, ಯಾರನ್ನೋ ಎದುರಿಗೆ ನಿಲ್ಲಿಸಿಕೊಂಡವಳ ಹಾಗೆ, "ನನ್ನ ಎದೆಹಾಲಿಗೆ ಕೈ ಹಾಕೋಕೆ ಇವರು ಯಾರು?" ಅಂದಳು. ಉತ್ತರ ಕೊಡಬೇಕಾದವರು ನಮ್ಮ ರಸ್ತೆಯಲ್ಲಿ ಯಾರೂ ಇರಲಿಲ್ಲ.

ಮನೆಯಲ್ಲಿ ಮಾಲ್ಲಾ ಆಗಲೇ ಫ್ರೀಜರಿನಿಂದ ಅತಿಥಿ ಪಾಲಿನ ತುಂಡುಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಇಟ್ಟಿದ್ದಳು. ಎಸೆಯುತ್ತಾಳೆ ಎಂದುಕೊಂಡೆ. ಅವಳು ಪಾತ್ರೆಗೆ ನೀರಿಟ್ಟಳು.

"ನೀವು ತಿಂತೀರಾ?" ಎಂದು ಕೇಳಿದೆ.

"ನನ್ನ ಹೆರಿಗೆ ಎಲ್ಲಾ ಮುಗಿದು ಎಷ್ಟೋ ವರ್ಷ ಆಯ್ತು. ಕೊಂದ ಪ್ರಾಣಿ ಎಸೆಯೋಕೆ ನನ್ನ ಕೈಲಾಗಲ್ಲ." ಅವಳು ಒಂದು ತುಂಡು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದಳು. "ಅವಳಿಗೆ ಕೊಟ್ಟವಳು ನಾನು. ಬಸುರಿ ಅಂತ, ಒಳ್ಳೇದು ಅಂತ, ನನ್ನ ಕೈಯಾರೆ ಹೆಚ್ಚಿಕೊಟ್ಟೆ. ಇಂಥ ದಿನ ತಂದಿಟ್ಟವರ ಬಾಯಿಗೆ ಮಣ್ಣು ಬೀಳ."

ಸೊಸೆಗೆ ಅವಳು ಒಣಮೀನು ಕುಟ್ಟಿ, ಬೆಣ್ಣೆ ಹಚ್ಚಿ ಕೊಟ್ಟಳು. ಮೂವರೂ ಒಂದೇ ಮೇಜಿಗೆ ಕೂತೆವು. ಮಾಲ್ಲಾ ತನ್ನ ತಟ್ಟೆಯನ್ನು ಎಳೆದುಕೊಂಡು, ಸೊಸೆಯಿಂದ ಒಂದು ಮೊಳ ಆಚೆ ಇಟ್ಟುಕೊಂಡು ಉಂಡಳು.